ದನಿ ಹೋದ ರಾಜಣ್ಣ, ಸದ್ದಿಲ್ಲದ ಕಾರು

ಹುಬ್ಬಳ್ಳಿಯಲ್ಲಿ ರಾಜರತ್ನನ ಮುಖ ನೋಡಿದವರಿಗಿಂತ ಅವನ ದನಿ ಕೇಳಿದವರೇ ಹೆಚ್ಚು. ಸೀರೆಯ ರಿಯಾಯಿತಿ ಮಾರಾಟವಿರಲಿ, ಟ್ಯೂಶನ್ ಕ್ಲಾಸಿನ ಪ್ರವೇಶವಿರಲಿ, ರಸೂಲಸಾಬನ ಆಟೋದ ನೆತ್ತಿಗೆ ಕಟ್ಟಿದ ಸ್ಪೀಕರಿನಲ್ಲಿ ಕೂಗುವವನು ಅವನೇ, ಊರಿಗೆಲ್ಲ ರಾಜಣ್ಣ. ಸಂತೆಯ ಗದ್ದಲವನ್ನೂ ಸೀಳಿಕೊಂಡು ಹೋಗುವ ಗಂಟಲು. ಮನೆಯಲ್ಲಿ ಉಪ್ಪು ಕೇಳಿದರೂ ಓಣಿಯ ತುದಿಯವರಿಗೆ ಗೊತ್ತಾಗುತ್ತಿತ್ತು. ಹೆಂಡತಿ ಪ್ರಭಾವತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಗದ್ದಲದ ತರಗತಿ ಮುಗಿಸಿ ಗದ್ದಲದ ಮನೆಗೆ ಬರುವುದು ಅವಳಿಗೆ ರೂಢಿಯಾಗಿತ್ತು.

ಅಂಥ ಗಂಟಲು ಕೈಕೊಟ್ಟಿತು. ಒಂದು ತಿಂಗಳು ಬಾಯಿಗೆ ಬೀಗ ಹಾಕಿಕೊಳ್ಳಿ, ಆಮೇಲೆ ಮೆಲ್ಲಗೆ ಮಾತಾಡಬಹುದು, ಆದರೆ ಕೂಗುವುದನ್ನು ಮರೆತುಬಿಡಿ ಎಂದರು ಡಾಕ್ಟರು. ರಾಜರತ್ನ ಹೆದರಿದ. ಅವನಿಗೆ ಗೊತ್ತಿದ್ದದ್ದು ಕೂಗುವುದೊಂದೇ. ಕೂಗಲಾರದ ರಾಜಣ್ಣನನ್ನು ಇನ್ನು ಯಾರು ಕೆಲಸಕ್ಕೆ ಕರೆದಾರು?

ಅದೇ ವಾರ ಕೇಶ್ವಾಪುರದ ಶಶಿಕುಮಾರ ಹೇಳಿಕಳಿಸಿದ. ಊರೊಳಗಿನ ಓಡಾಟಕ್ಕೆಂದೇ ಮಾಡಿದ ಪುಟ್ಟ ಎಲೆಕ್ಟ್ರಿಕ್ ಕಾರಿನ ಶೋರೂಮು ತೆರೆದಿದ್ದ. ಅದರ ಪ್ರಚಾರವನ್ನು ರಾಜಣ್ಣನೇ ಮಾಡಬೇಕಂತೆ. ಪ್ರಭಾವತಿ ಗಂಡನ ಜೊತೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಶಶಿಕುಮಾರನ ಮುಖ ಸಣ್ಣಗಾಯಿತು. ಆದರೂ ದಾಕ್ಷಿಣ್ಯದ ಮನುಷ್ಯ. ಎರಡು ದಿನ ಒಂದು ಕಾರು ಒಯ್ದು ನೋಡಿರಿ, ಕೂಗದೆಯೇ ಪ್ರಚಾರ ಮಾಡುವ ದಾರಿ ಹೊಳೆದರೆ ಸೋಮವಾರ ಬಂದು ತಿಳಿಸಿರಿ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇನೆ ಎಂದ.

ಮರುದಿನ ಶನಿವಾರ, ಪ್ರಭಾವತಿ ಅರ್ಧ ದಿನದ ಶಾಲೆಗೆ ಹೋದ ಹೊತ್ತಿನಲ್ಲಿ ರಸೂಲಸಾಬ ಆ ಕಾರನ್ನು ಓಡಿಸಿಕೊಂಡು ಬಂದು ಬೈರಿದೇವರಕೊಪ್ಪದ ಅವರ ಮನೆಯ ಮುಂದೆ ನಿಲ್ಲಿಸಿದ. ನಿಲ್ಲಿಸಿ ಚಹಾ ಕುಡಿಯಲು ಹೋದ. ರಾಜರತ್ನ ಗಲ್ಲಕ್ಕೆ ಕೈಕೊಟ್ಟು ಕಟ್ಟೆಯ ಮೇಲೆ ಕೂತ. ಬ್ಯಾನರು ಕಟ್ಟಲೇ ಎಂದು ಯೋಚಿಸಿದ. ಊರ ತುಂಬ ಬ್ಯಾನರು, ತಲೆಯೆತ್ತಿ ಓದುವವರು ಯಾರು? ಕರಪತ್ರ ಹಂಚಿದರೆ ಭಜಿ ಅಂಗಡಿಯವರಿಗೆ ಮಿರ್ಚಿ ಕಟ್ಟಿಕೊಡಲು ಆದೀತು, ಅಷ್ಟೆ.

ಅವನು ಗಮನಿಸದೇ ಇದ್ದದ್ದು ಒಂದಿತ್ತು. ಶೋರೂಮಿನ ಪೂಜೆಯಲ್ಲಿ ಹಾಕಿದ ಚೆಂಡುಹೂವಿನ ಮಾಲೆ ಇನ್ನೂ ಕಾರಿನ ಮೂತಿಯ ಮೇಲೇ ಇತ್ತು. ನಮ್ಮ ಕಡೆ ಮಾಲೆ ಹಾಕಿದ ಗಾಡಿ ಮನೆಯ ಮುಂದೆ ನಿಂತಿತೆಂದರೆ ಓಣಿಗೆ ಬೇರೆ ಸಾಕ್ಷಿ ಬೇಕಿಲ್ಲ. ಎದುರು ಮನೆಯ ಮುತ್ತವ್ವ ಆರತಿ ತಟ್ಟೆ ಹಿಡಿದು ಬಂದೇಬಿಟ್ಟಳು. ಓಣಿಗೆಲ್ಲ ಹಿರಿಯಳು. ರಾಜರತ್ನನ ಮನೆಯಲ್ಲಿ ಬುದ್ಧವಂದನೆ ಬಿಟ್ಟರೆ ಬೇರೆ ಪೂಜೆಯಿಲ್ಲ. ಮುತ್ತವ್ವ ಅದನ್ನೆಲ್ಲ ಕೇಳುವವಳಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ತೆಂಗಿನಕಾಯಿ ನಿವಾಳಿಸಿ ಒಡೆದಳು.

ಇದು ನನ್ನದಲ್ಲ ಎಂದು ರಾಜರತ್ನ ಎರಡೂ ಕೈ ಆಡಿಸಿದ. ಇಷ್ಟೆಲ್ಲ ಯಾಕೆ ಎಂದು ಸಂಕೋಚಪಡುತ್ತಿದ್ದಾನೆಂದು ಎಲ್ಲರಿಗೂ ಅನಿಸಿತು. ಜೋರಾಗಿ ಆಡಿಸಿದ; ಎಂಥ ಒಳ್ಳೆಯ ಮನುಷ್ಯ ಎಂದರು. ಮೊಬೈಲಿನಲ್ಲಿ ಬರೆದು ತೋರಿಸಿದರೆ ಮುತ್ತವ್ವನ ಚಾಳೀಸು ಕನ್ನಡಕ ಮನೆಯಲ್ಲೇ ಉಳಿದಿತ್ತು. ಅಷ್ಟರಲ್ಲಿ ಯಾರೋ ಪೇಡೆ ತಂದು ಅವನ ಬಾಯಿಗೇ ಇಟ್ಟರು.

ಶಾಲೆ ಮುಗಿಸಿ ಬಂದ ಪ್ರಭಾವತಿ ಜಾತ್ರೆಯಂಥ ಗುಂಪು ಕಂಡು ಗಾಬರಿಯಾದಳು. ಎಲ್ಲರೂ ಅಭಿನಂದಿಸಿದ ಮೇಲಂತೂ ಗಂಡನನ್ನು ನುಂಗುವಂತೆ ನೋಡಿದಳು. ಅವಳು ಏನಾದರೂ ಹೇಳುವ ಮೊದಲೇ ರಸೂಲಸಾಬ ಓಡಿಬಂದು ನಗುವನ್ನು ತಡೆದುಕೊಳ್ಳುತ್ತ, ಕಾರು ಶೋರೂಮಿನದು ಎಂದು ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದ. ಪೇಡೆ ತಂದವರು ಡಬ್ಬಿಯ ಮುಚ್ಚಳ ಹಾಕಿದರು. ರಾಜರತ್ನನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮುತ್ತವ್ವ ಮಾತ್ರ ತಟ್ಟೆಯನ್ನು ಪ್ರಭಾವತಿಯ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಯಾರದರ ಇರವಲ್ದ್ಯಾಕ. ಕಾಯಿ ನಾ ಒಡದೇನಿ, ಮೊದಲ ರೌಂಡ ನಂದು. ನಡಿ ರಸೂಲ.”

ಉಣಕಲ್ ಕೆರೆಯ ತನಕ ಹೋಗಿ ಬಂದಳು. ಇಳಿದದ್ದೇ ತಡ, ಕಟ್ಟೆಯ ಮೇಲೆ ಕೂತು ಶುರುವಿಟ್ಟುಕೊಂಡಳು. ಕಾರು ಹೊರಟದ್ದೇ ತಿಳಿಯಲಿಲ್ಲವಂತೆ, ಹೊಗೆಯ ವಾಸನೆಯೇ ಇಲ್ಲವಂತೆ, ದಾರಿಯುದ್ದಕ್ಕೂ ರಸೂಲನ ಜೊತೆ ಸಾವಕಾಶ ಮಾತಾಡಿದಳಂತೆ, ಮೊಣಕಾಲು ನೋಯದೆ ಹತ್ತಿ ಇಳಿಯಬಹುದಂತೆ. ಆಮೇಲೆ ಓಣಿಯವರೆಲ್ಲ ಸಾಲುಗಟ್ಟಿ ಕೂತು ಬಂದರು. ಬಂದವರೆಲ್ಲ ಬಾರದವರಿಗೆ ಹೇಳಿದರು. ರಾಜರತ್ನ ಬಾಯಿ ಮುಚ್ಚಿಕೊಂಡು ಕೇಳಿದ. ಕೇಳುತ್ತ ಕೇಳುತ್ತ ಅವನ ಮುಖ ಅರಳಿತು.

ಸೋಮವಾರ ಅವನು ಬರೆದುಕೊಟ್ಟ ಯೋಜನೆಯನ್ನು ಪ್ರಭಾವತಿ ಶಶಿಕುಮಾರನಿಗೆ ಓದಿ ಹೇಳಿದಳು. ಮಾಲೆ ಹಾಕಿದ ಕಾರು ದಿನಕ್ಕೊಂದು ಓಣಿಗೆ ಹೋಗಬೇಕು. ಮೈಕು ಬೇಡ, ಬ್ಯಾನರು ಬೇಡ. ಆ ಓಣಿಯ ಹಿರಿಯಳ ಕೈಯಿಂದ ಕಾಯಿ ಒಡೆಸಿ, ಮೊದಲ ರೌಂಡು ಅವಳನ್ನೇ ಕೂರಿಸಿ ಕರೆದೊಯ್ಯಬೇಕು. ಆಮೇಲೆ ಕಂಪನಿಯವರು ತುಟಿ ಪಿಟಕ್ಕೆನ್ನಬಾರದು.

ಶಶಿಕುಮಾರ ನಕ್ಕುಬಿಟ್ಟ. ನಿನ್ನೆಯಿಂದ ಶೋರೂಮಿಗೆ ಬಂದವರಲ್ಲಿ ಅರ್ಧ ಮಂದಿ ಮುತ್ತವ್ವ ಕೂತ ಕಾರು ಯಾವುದು ಎಂದು ಕೇಳುತ್ತಿದ್ದರಂತೆ. ಹುಬ್ಬಳ್ಳಿಯ ಓಣಿಗಳು ಮುಗಿದ ಮೇಲೆ ಧಾರವಾಡದ ಮಾಳಮಡ್ಡಿಯಿಂದ ಶುರುಮಾಡೋಣ ಎಂದವನು, ಅಷ್ಟಕ್ಕೇ ನಿಲ್ಲದೆ ಇನ್ನೊಂದು ಮಾತು ಸೇರಿಸಿದ. ಮುಂದೆ ಯಾವ ಗಾಡಿ ಬಂದರೂ ಅದರ ಪ್ರಚಾರದ ಯೋಜನೆ ರಾಜಣ್ಣನದೇ. ದನಿ ಬರಲಿ, ಬಿಡಲಿ.

ತಿಂಗಳು ತುಂಬಿತು. ಡಾಕ್ಟರು ಮಾತಾಡಲು ಒಪ್ಪಿದರು. ರಾಜರತ್ನ ದವಾಖಾನೆಯಲ್ಲಿ ತುಟಿ ಬಿಚ್ಚಲಿಲ್ಲ, ದಾರಿಯಲ್ಲಿ ಸಿಕ್ಕ ರಸೂಲಸಾಬನಿಗೂ ಬರೀ ಕೈಯೆತ್ತಿ ನೇರ ಮನೆಗೆ ಬಂದ. ಅಡಿಗೆಮನೆಯಲ್ಲಿ ಪ್ರಭಾವತಿ ರೊಟ್ಟಿ ತಟ್ಟುತ್ತಿದ್ದಳು. ಹಿಂದೆ ಹೋಗಿ ನಿಂತ.

“ಪ್ರಭಾ, ಕೆಲಸ ಉಳೀತು.”

ತಟ್ಟುವ ಕೈ ನಿಂತಿತು. ಇಷ್ಟು ವರ್ಷ ಸಂಸಾರ ಮಾಡಿದ್ದಳು, ಈ ಮೆತ್ತನೆಯ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ತಿರುಗದೆ, ಹಿಟ್ಟಿನ ಕೈಯಲ್ಲೇ ಒಲೆ ಆರಿಸಿದಳು.

“ಏನಂದ್ರಿ? ಕೇಳಸಲಿಲ್ಲ. ಇನ್ನೊಮ್ಮೆ ಹೇಳ್ರಿ.”

ಕೇಳಿಸಿತ್ತು. ಅವನಿಗೂ ಅದು ಗೊತ್ತಾಯಿತು. ಇನ್ನಷ್ಟು ಹತ್ತಿರ ಬಂದು, ಇನ್ನೊಮ್ಮೆ ಹೇಳಿದ.