ಬಲಕ್ಕೆ ತಿರುಗದ ಕಾಲು

ನಮ್ಮ ಬೆಳಗಾವಿಯಲ್ಲಿ ಐಸ್ ಎಂದರೆ ಗೋಲಾ ಗಾಡಿಯಲ್ಲಿ ಸಿಗುವಷ್ಟೇ. ಟೀವಿಯಲ್ಲಿ ಬರುವ ಐಸ್ ಹಾಕಿಯನ್ನು ನಾವು ಸಿಮೆಂಟಿನ ಮೇಲೆ, ಕಾಲಿಗೆ ಗಾಲಿ ಕಟ್ಟಿಕೊಂಡು ಆಡುತ್ತೇವೆ. ಬಿದ್ದರೆ ಜಾರಿಕೊಂಡು ಹೋಗುವ ಸುಖವೂ ಇಲ್ಲ, ಬಿದ್ದಲ್ಲೇ ಚರ್ಮ ಬಿಟ್ಟು ಏಳಬೇಕು. ಮೂವತ್ತೈದು ದಾಟಿದ ಮೇಲೆ ನನಗೆ ಈ ಉಸಾಬರಿ ಯಾಕೆ ಬೇಕಿತ್ತೋ! ಹೆಂಗಸರ ತಂಡಕ್ಕೆ ಆಡುವವರು ಬೇಕಂತೆ ಎಂದು ಕೇಳಿದ್ದೇ ತಡ, ಹೂಂ ಎಂದುಬಿಟ್ಟಿದ್ದೆ.

ನಾನು ಬೆಳೆದದ್ದು ಮಹಾಂತೇಶ ನಗರದಲ್ಲಿ. ನೌಕರಿಯಿಂದಾಗಿ ಮನೆ ಈಗ ಖಾನಾಪುರದಲ್ಲಿ. ಪ್ರತಿ ರವಿವಾರ ಬೆಳಿಗ್ಗೆ ಬೆಳಗಾವಿಯ ಬಸ್ಸಿನಲ್ಲಿ ನನ್ನ ಜೊತೆ ಬಾಜೂ ಮನೆಯ ಹುಡುಗಿಯೂ ಆಟಕ್ಕೆ ಬರುತ್ತಿದ್ದಳು. ಡಿಗ್ರಿ ಓದುವವಳು, ಮನೆಮಾತು ಮರಾಠಿ, ತಾಯಿಯನ್ನು ಕರೆಯುವುದು 'ಆಯಿ' ಎಂದು, ನನ್ನ ಕೂಡ ಮಾತ್ರ ಕನ್ನಡ. ಅವಳು ಸ್ಕೇಟಿಂಗ್ ಕಲಿತದ್ದು ಓಣಿಯ ರಸ್ತೆಯಲ್ಲಿ, ಎಮ್ಮೆ ಮತ್ತು ಟ್ರ್ಯಾಕ್ಟರ್ ತಪ್ಪಿಸುತ್ತ.

ನಾನು ಕಲಿತದ್ದು ರಿಂಕಿನಲ್ಲಿ, ಅಂದರೆ ಸುತ್ತ ಹಲಗೆ ಕಟ್ಟಿದ ಸ್ಕೇಟಿಂಗ್ ಅಂಗಳದಲ್ಲಿ. ರಿಂಕಿನಲ್ಲಿ ಎಲ್ಲರೂ ಎಡಕ್ಕೇ ತಿರುಗುತ್ತ ಸುತ್ತಬೇಕು. ಉಲ್ಟಾ ಸುತ್ತಿದರೆ ಎದುರಿನವರಿಗೆ ಡಿಕ್ಕಿ, ಮೇಲೆ ಮಾಸ್ತರರ ಬೈಗುಳ. ಒಂಬತ್ತನೆಯ ವಯಸ್ಸಿನಲ್ಲಿ ಒಮ್ಮೆ ಹಟಕ್ಕೆ ಬಿದ್ದು ಉಲ್ಟಾ ಹೊರಟು, ಮೊದಲ ತಿರುವಿನಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಆ ಎಲುಬಿನ ಸದ್ದು ನನಗಿನ್ನೂ ಕೇಳುತ್ತದೆ. ಅಂದಿನಿಂದ ಬಲಕ್ಕೆ ತಿರುಗಲು ಮನಸ್ಸು ಮಾಡಿದರೂ ಕಾಲು ಏಳುವುದಿಲ್ಲ.

ಹಾಕಿಯಲ್ಲಿ ಇದು ನಡೆಯುವ ಮಾತಲ್ಲ. ಅದಕ್ಕೇ ಉಪಾಯ ಹೂಡಿ ಬಲಬದಿಯ ಜಾಗ ಕೇಳಿ ಪಡೆದೆ. ಅಲ್ಲಿಂದ ನಡುವಿಗೆ ಬರಲು ಎಡಕ್ಕೆ ತಿರುಗಿದರೆ ಸಾಕು. ಚೆಂಡು ನನ್ನ ಬಲಕ್ಕೆ, ಅಂಚಿನ ಹಲಗೆಯ ಕಡೆ ಉರುಳಿದಾಗ ಮಾತ್ರ ನಾನು ಎಡವಿದವಳ ಹಾಗೆ ನಟಿಸುತ್ತಿದ್ದೆ. ಅಷ್ಟರಲ್ಲಿ ಎಡಬದಿಯಿಂದ ಆ ಹುಡುಗಿ ಬಾಣದಂತೆ ಬಂದು ಚೆಂಡು ಒಯ್ಯುತ್ತಿದ್ದಳು. ಅವಳು ಬಿಟ್ಟು ಬಂದ ಜಾಗದಲ್ಲಿ ಎದುರಾಳಿಗಳು ಆರಾಮಾಗಿ ಗೋಲು ಹೊಡೆಯುತ್ತಿದ್ದರು.

ಒಂದು ರವಿವಾರ ಕೋಚ್ ಸರ್ ಎಲ್ಲರ ಎದುರಿಗೇ ಅವಳ ಮೇಲೆ ಹರಿಹಾಯ್ದರು. "ನಿನ್ನ ಜಾಗಾ ಬಿಟ್ಟು ಊರೆಲ್ಲಾ ಓಡಾಡ್ತೀಯಲ್ಲವಾ! ಇದು ಒಬ್ಬಾಕಿ ಆಡೂ ಆಟ ಅಲ್ಲ. ಮುಂದಿನ ವಾರ ಟೀಮ್ ಲಿಸ್ಟ್ ಹಾಕ್ತೀನಿ, ನಿನ್ನ ಹೆಸರು ಇರಂಗಿಲ್ಲ."

ತಪ್ಪು ನನ್ನದೆಂದು ನನಗೆ ಗೊತ್ತಿತ್ತು. ಆದರೂ ಬಾಯಿಗೆ ಬೀಗ ಬಿತ್ತು. ಹೇಳಿದರೆ "ಹಂಗಾರ ಈಗ ಬಲಕ್ಕ ತಿರುಗಿ ತೋರಿಸ್ರಿ" ಎನ್ನುತ್ತಾರೆ, ಅದೇ ಭಯ. ಸ್ಟಿಕ್ಕಿಗೆ ಸುತ್ತಿದ ಟೇಪನ್ನು ಕೆರೆಯುತ್ತ ನಿಂತೆ. ನಾಚಿಕೆಗೇಡು.

ಮರಳುವ ಬಸ್ಸಿನಲ್ಲಿ ಅವಳು ಕಿಟಕಿಗೆ ಹಣೆ ಹಚ್ಚಿ ಕುಳಿತಿದ್ದಳು. ದೇಸೂರು ದಾಟಿದ ಮೇಲೆ ಮೆಲ್ಲಗೆ ಅಂದಳು: "ನಿಮಗ ಬಲಕ್ಕ ತಿರುಗಾಕ ಬರಂಗಿಲ್ಲಲ್ರೀ ಅಕ್ಕಾ. ಮೊದಲನೇ ದಿನಾನ ಗೊತ್ತಾತು."

ನಾನು ಅವಳ ಕಡೆ ಹೊರಳಿದೆ. "ಮತ್ತ ಸರ್‌ಗ ಯಾಕ ಹೇಳಲಿಲ್ಲವಾ?"

"ನಿಮ್ಮನ್ನ ತಗದ್ರ ನೀವು ಬರೂದು ಬಿಡ್ತೀರಿ. ನೀವು ನನ್ನ ಜೋಡಿ ಇದ್ರಷ್ಟ ನಮ್ಮ ಆಯಿ ನನ್ನ ಕಳಸ್ತಾಳ್ರೀ."

ಆ ವಾರವಿಡೀ ಅದನ್ನೇ ಲೆಕ್ಕ ಹಾಕಿದೆ. ನಾನು ಬಾಯಿ ಬಿಟ್ಟರೂ, ಬಿಡದಿದ್ದರೂ ಆಟ ಹೋಗುವುದು ಅವಳದೇ.

ರವಿವಾರ ರಿಂಕಿಗೆ ಇಳಿದವಳೇ, ಧೈರ್ಯ ಆರುವ ಮೊದಲು, ಸರ್ ಎದುರು ಎಲ್ಲವನ್ನೂ ಒದರಿಬಿಟ್ಟೆ. ಅಂಜಿದಂತೆಯೇ ಆಯಿತು. "ತಿರುಗ್ರಿ, ನೋಡೂಣು," ಎಂದರು. ಸಿಮೆಂಟು ಕಣ್ಣೆದುರು ತೇಲಿತು. ಮಣಿಕಟ್ಟನ್ನು ಎದೆಗವಚಿಕೊಂಡು ಬಲಕ್ಕೆ ವಾಲಿದೆ, ದಬ್ಬನೆ ಬಿದ್ದೆ. ಮೊಣಕಾಲಿನ ಚರ್ಮ ಕಿತ್ತುಬಂತು, ಎಲುಬು ಉಳಿಯಿತು. ಯಾರೋ ಕಿಸಕ್ಕೆಂದರು. ಸರ್ ನಗಲಿಲ್ಲ. ಸೀಟಿ ಊದಿ ಎಲ್ಲರನ್ನೂ ಉಲ್ಟಾ ಸುತ್ತಲು ಹಚ್ಚಿದರು. ರಿಂಕಿನಲ್ಲೇ ಕಲಿತ ಇನ್ನೂ ಮೂವರು ನೆಲ ಕಂಡರು. ಓಣಿಯ ಹುಡುಗಿ ಮಾತ್ರ ಸರಾಗವಾಗಿ ಸುತ್ತಿ ಬಂದಳು.

ಲಿಸ್ಟಿನಲ್ಲಿ ಅವಳ ಹೆಸರು ಬಂತು. ನನ್ನದು ಕೊನೆಯಲ್ಲಿ, ಹೆಚ್ಚುವರಿಯವರ ಜೊತೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಖಾನಾಪುರದಲ್ಲಿ ಅವಳ ಆಯಿ ಬಾಗಿಲಲ್ಲೇ ನಿಂತಿದ್ದರು. "ಇಬ್ಬರೂ ಆಡತೀರೇನ್ರೀ ಮ್ಯಾಡಮ್? ನೀವು ಇರಲಿಲ್ಲಂದ್ರ ನಾ ಇಕಿನ್ನ ಕಳಸಾಕಿ ಅಲ್ಲ ನೋಡ್ರಿ."

ಹುಡುಗಿ ನನ್ನ ಮುಖ ನೋಡಿದಳು. ರಕ್ತ ಒಣಗಿದ ಮೊಣಕಾಲು ಉರಿಯುತ್ತಿತ್ತು. ಮತ್ತೊಮ್ಮೆ ಆ ರಿಂಕಿಗೆ ಕಾಲಿಡುವುದು ಬೇಡವೇ ಬೇಡ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತ ಬಂದಿದ್ದೆ.

"ಹೌದ್ರೀ," ಎಂದೆ, "ಇಬ್ಬರೂ ಆಡತೇವಿ."