ಒಡೆದ ಹೆಂಚಿನ ಕೆಳಗಿನ ಮೂರು ಕಾಯಿ

ನಾನು ತರ್ಕಶಾಸ್ತ್ರ ಓದಿ ಊರಿಗೆ ಬಂದಿದ್ದ ವರ್ಷ, ಕೊಬ್ಬರಿ ವ್ಯಾಪಾರಿಯೊಬ್ಬರು ನಮ್ಮ ಅಟ್ಟದ ಮೂಲೆಯಿಂದ ಮೂರು ಕಾಯಿ ತೆಗೆದು ಒಡೆದರು. ಮೂರೂ ಬೂಷ್ಟು ಹಿಡಿದಿದ್ದವು.

“ಇಡೀ ಅಟ್ಟವೇ ಕೆಟ್ಟೋಗೈತೆ ಕಣ್ರೀ, ನಂಗೆ ಬ್ಯಾಡ ಬುಡಿ” ಎಂದರು. ವರ್ಷವಿಡೀ ಕಾಯಿ ಒಣಗಿಸಿದ್ದ ಅಪ್ಪನ ಮುಖ ಸಣ್ಣದಾಯಿತು.

“ಅಣ್ಣ, ಮೂರನ್ನೂ ಮಳೆ ನೀರು ಸೋರೋ ಆ ಒಡೆದ ಹೆಂಚಿನ ಕೆಳಗಿಂದ್ಲೇ ತೆಗೆದ್ರಿ. ಅಷ್ಟರಿಂದ್ಲೇ ಇಡೀ ಅಟ್ಟ ಕೆಟ್ಟಿದೆ ಅಂತ ಹೆಂಗೆ ಹೇಳ್ತೀರಿ? ಉಳಿದ ಕಡೇನೂ ನೋಡಿ” ಎಂದೆ.

“ಮಗಳ್ನ ಲಾಯರಿಗೆ ಓದ್ಸಿದ್ದೀರೇನ್ರೀ?” ಎಂದು ಅಪ್ಪನನ್ನು ಕೇಳಿ ನಗುತ್ತ ವ್ಯಾಪಾರಿ ಬೇರೆ ಬೇರೆ ಕಡೆಯಿಂದ ಹತ್ತು ಕಾಯಿ ಒಡೆದರು. ಎಲ್ಲವೂ ಗಟ್ಟಿ ಕೊಬ್ಬರಿ. ಮಾಲು ಒಪ್ಪಿಕೊಂಡರು.

ಅಪ್ಪ ನನ್ನನ್ನು ಹೊಗಳಲಿಲ್ಲ. ಮುಂದಿನ ವರ್ಷ ಅದೇ ವ್ಯಾಪಾರಿ ಅಟ್ಟದ ಏಣಿಗೆ ಕೈಹಾಕಿದಾಗ, “ತಡೀರಿ, ನಮ್ಮ ಮಗಳು ಬರ್ಲಿ” ಎಂದರು.