ಪೇಂಟರಣ್ಣನ ಒದ್ದೆ ಗೋಡೆ

ಪೇಂಟರಣ್ಣನ ಕೈಗುಣ ದೊಡ್ಡದು. ಅವನು ಬಣ್ಣ ಬಳಿದ ಗೋಡೆಯಲ್ಲಿ ಮೊದಲು ಬಿರುಕಿತ್ತು, ಮೊಳೆಯ ತೂತಿತ್ತು ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಹಳೆ ಮನೆ ಮಾರಲು ಹೊರಟವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದುದು ಅದಕ್ಕೇ. "ಇವರ ಕೈಗೆ ಬ್ರಷ್ ಕೊಟ್ರೆ ಅಳೋ ಗೋಡೆನೂ ನಗುತ್ತೆ" ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಮೊದಮೊದಲು ಹೆಮ್ಮೆಯಿಂದಲೇ ಹೇಳುತ್ತಿದ್ದಳು. ಬರಬರುತ್ತ ಅದೇ ಮಾತು ಅವಳ ಬಾಯಲ್ಲಿ ಯಾಕೆ ಕಹಿಯಾಯಿತು ಎಂದು ತಿಳಿಯಬೇಕಾದರೆ ಅವರ ಬಾಡಿಗೆ ಮನೆಯ ಹಿಂದಿನ ಕೋಣೆಯನ್ನು ನೋಡಬೇಕು.

ಗಲ್ಲಿಯ ಕೊನೆಯ ಕಟ್ಟಡದಲ್ಲಿ ಕೆಳಗಿನ ಮನೆ. ಇರುವುದು ಎರಡೇ ಕೋಣೆ. ಮುಂದಿನದರಲ್ಲಿ ಅಡುಗೆ, ಊಟ, ಬಂದವರು ಕೂರುವುದು. ಹಿಂದಿನದರಲ್ಲಿ ಮಂಚ, ಟ್ರಂಕು ಮತ್ತು ಹೆಂಡತಿಯ ಕೆಲಸ. ರೆಡಿಮೇಡ್ ಅಂಗಡಿಯವರು ಗಂಟು ಕಟ್ಟಿ ಕಳಿಸುವ ಅಂಗಿಗಳಿಗೆ ಅವಳು ಕಾಜಾ ಹಾಕಿ ಗುಂಡಿ ಹೊಲಿದು ಕೊಡುತ್ತಿದ್ದಳು. ಮನೆಗಿದ್ದ ಒಂದೇ ಕಿಟಕಿ ಆ ಕೋಣೆಯದು. ಹಾಗಾಗಿ ಹಗಲೆಲ್ಲ ಮಂಚದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು ಹೊಲಿಯುವುದು, ರಾತ್ರಿ ಅದೇ ಗೋಡೆಯ ಪಕ್ಕ ಮಲಗುವುದು. ಮೇಲಿನ ಮನೆಯ ಬಚ್ಚಲಿನ ಪೈಪು ಆ ಗೋಡೆಯೊಳಗೇ ಇಳಿದಿತ್ತು. ಒಳಗೆಲ್ಲೋ ಅದು ಸೀಳಿತ್ತು.

ಮನೆ ಹಿಡಿದ ಹೊಸತರಲ್ಲಿ ಅಂಗೈಯಗಲದ ಕಲೆ ಕಂಡಿತು. ಪೇಂಟರಣ್ಣ ಓನರಿಗೆ ಹೇಳಿದ. ಓನರು ತಲೆಯಾಡಿಸಿ "ನೋಡೋಣ" ಎಂದರು. ಬಾಗಿಲ ಚಿಲಕ ಕಿತ್ತು ಬಂದಾಗಲೂ "ನೋಡೋಣ." ಟ್ಯಾಂಕಿನ ನೀರಲ್ಲಿ ಹುಳ ಬಂದಾಗಲೂ "ನೋಡೋಣ." ಮೆಟ್ಟಿಲ ದೀಪ ಹೋಗಿ ಮೇಲಿನ ಮನೆಯ ಅಜ್ಜಿ ಜಾರಿ ಬಿದ್ದಾಗಲೂ ಅದೇ. ಹೆಂಡತಿ ಅವರಿಗೆ ನೋಡೋಣಪ್ಪ ಎಂದೇ ಹೆಸರಿಟ್ಟಳು. ಬಾಡಿಗೆ ಕೊಡುವ ದಿನ ಮಾತ್ರ ನೋಡೋಣಪ್ಪನ ಬಾಯಲ್ಲಿ ಆ ಮಾತು ಬಂದದ್ದಿಲ್ಲ.

ಪೇಂಟರಣ್ಣನಿಗೆ ಕಾಯುವ ಸ್ವಭಾವವಿಲ್ಲ. ಕೇಳುವ ಧೈರ್ಯವಿಲ್ಲ ಎಂದರೂ ಆದೀತು, ಹೊರಗಿನವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಹೆಚ್ಚು ಮಾತಾಡಿದರೆ ಮನೆ ಬಿಡಿ ಎಂದುಬಿಟ್ಟಾರು ಎಂಬ ಹೆದರಿಕೆ ಒಂದು ಕಡೆ. ಪೇಂಟರ್ ಮನೆಯ ಗೋಡೆಯೇ ಹೀಗಾ ಎಂದು ಬಂದವರು ನಕ್ಕಾರು ಎಂಬ ನಾಚಿಕೆ ಇನ್ನೊಂದು ಕಡೆ. ಕಲೆಯನ್ನು ಕೆರೆದ, ಪುಟ್ಟಿ ಮೆತ್ತಿದ, ಉಜ್ಜಿದ, ಕೆಲಸದ ಮನೆಯಲ್ಲಿ ಮಿಕ್ಕ ಬಣ್ಣ ತಂದು ಬಳಿದ. ಕಲೆ ಮತ್ತೆ ಬಂತು, ಅವನು ಮತ್ತೆ ಬಳಿದ. ಯಾರದೋ ಮದುವೆ ಮನೆಯ ಹಳದಿ, ಯಾವುದೋ ಶಿಶುವಿಹಾರದ ನೀಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ತಿಳಿಹಸಿರು ಎಲ್ಲವೂ ಒಂದರ ಮೇಲೊಂದು ಆ ಗೋಡೆಯ ಮೇಲೆ ಕೂತವು. ಬಾಡಿಗೆಗೆ ಬಂದ ನೋಡೋಣಪ್ಪ ಒಳಗೆ ಕಣ್ಣಾಡಿಸಿ, "ಮನೇನ ಕನ್ನಡಿ ಥರ ಇಟ್ಕೊಂಡಿದ್ದೀಯಪ್ಪಾ" ಎಂದು ಬೆನ್ನು ತಟ್ಟುತ್ತಿದ್ದರು. ಸುಮ್ಮನೆ ಸುಳ್ಳು ಯಾಕೆ, ಆ ಹೊಗಳಿಕೆ ಕೇಳಿ ಪೇಂಟರಣ್ಣ ಉಬ್ಬಿಹೋಗುತ್ತಿದ್ದ.

ಅಷ್ಟರಲ್ಲಿ ಹೆಂಡತಿಗೆ ಕೆಮ್ಮು ಹತ್ತಿತು. ಕೆಮ್ಮು ಹೋಗಿ ಉಬ್ಬಸವಾಯಿತು. ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು ಉಸಿರು ಹಿಡಿಯಲಾಗದೆ ಅಂಗಿ ಕೆಳಗಿಟ್ಟು, ಎರಡೂ ಕೈ ಮಂಚಕ್ಕೆ ಊರಿ, ಬಾಯಿ ತೆರೆದು ಕೂರುತ್ತಿದ್ದಳು. ಪೇಂಟರಣ್ಣ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಎದೆಗೆ ಕಿವಿಗೊಟ್ಟು ಕೇಳಿ, ತಲೆಯೆತ್ತಿ ಅವನನ್ನೇ ಕೇಳಿದರು.

"ಮನೇಲಿ ಗೋಡೆ ಏನಾದ್ರೂ ಒದ್ದೆ ಇದೆಯಾ?"

"ಇಲ್ಲ ಡಾಕ್ಟ್ರೆ. ಚೆನ್ನಾಗಿದೆ" ಎಂದುಬಿಟ್ಟ ಪೇಂಟರಣ್ಣ.

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಗೋಡೆ ಹೇಗಿದೆ ಎಂದು ಯಾರು ಕೇಳಿದರೂ ಅವನ ಬಾಯಿಂದ ತಾನಾಗಿ ಬರುವ ಉತ್ತರ. ಹೆಂಡತಿ ಅವನ ಮುಖವನ್ನೇ ದಿಟ್ಟಿಸಿದಳು.

"ಇದೆ ಡಾಕ್ಟ್ರೆ" ಎಂದಳು ಏದುತ್ತ. "ಒಳಗೆಲ್ಲ ನೀರು. ಮೇಲೆ ಇವರ ಕೈಚಳಕ."

ಬಣ್ಣ ಬಳಿದಷ್ಟೂ ಒಳಗೆ ಬೂಷ್ಟು ಬೆಳೆಯುತ್ತದೆ, ಪೈಪು ರಿಪೇರಿಯಾಗಿ ಗೋಡೆ ಒಣಗಬೇಕು, ಇಲ್ಲವೇ ಆ ಕೋಣೆ ಬಿಡಬೇಕು ಎಂದರು ಡಾಕ್ಟರಮ್ಮ. ಹಾಗೆಂದು ಬೈಯಲಿಲ್ಲ. ಬೈದಿದ್ದರೆ ಪೇಂಟರಣ್ಣನಿಗೆ ಹಗುರವಾಗುತ್ತಿತ್ತು.

ಅವನು ನೋಡೋಣಪ್ಪನ ಮನೆ ಬಾಗಿಲಿಗೆ ಹೋಗಿ ನಿಂತ. "ಸಾರ್, ಅವಳಿಗೆ ಉಸಿರಾಡೋಕೆ ಆಗ್ತಿಲ್ಲ. ಮೇಲಿನ ಬಚ್ಚಲು ಅಗೆಸಿ ಪೈಪ್ ಸರಿ ಮಾಡಿಸಿಕೊಡಿ. ಗೋಡೆ ಕೆಲಸ ನಾನೇ ಮಾಡ್ಕೋತೀನಿ, ಕೂಲಿ ಬೇಡ."

"ಅಲ್ಲಪ್ಪಾ, ಮೊನ್ನೆ ಬಂದಾಗ ನಾನೇ ಕಣ್ಣಾರೆ ನೋಡಿದೀನಲ್ಲ, ಗೋಡೆ ಫಳಫಳ ಅಂತಿತ್ತು. ನಿನ್ನ ಪೇಂಟಿನ ವಾಸನೆಗೇ ಅವಳಿಗೆ ಕೆಮ್ಮು ಬಂದಿರಬೇಕು. ಮನೆ ಕ್ಲೀನಾಗಿ ಇಟ್ಕೊಂಡ್ರೆ ಬೂಷ್ಟು ಯಾಕೆ ಬರುತ್ತೆ ಹೇಳು?"

"ಸಾರ್, ಕಾಲು ಹಿಡ್ಕೋತೀನಿ..."

"ನೋಡೋಣ."

ಮುಂದಿನ ಕೋಣೆಗೆ ಕಿಟಕಿಯೇ ಇಲ್ಲ, ಅಲ್ಲಿ ಮಲಗಿದರೆ ಒಲೆಯ ಹೊಗೆಗೆ ಅವಳ ಉಬ್ಬಸ ಇನ್ನೂ ಹೆಚ್ಚುತ್ತಿತ್ತು. ಬೇರೆ ಮನೆ ಹುಡುಕಿ ಅವನು ಕಾಲು ಸವೆಸಿದ. ಒಂದು ಕಡೆ ಕೆಮ್ಮು ಕೇಳಿಯೇ ಬಾಗಿಲು ಹಾಕಿಕೊಂಡರು, ಇನ್ನೊಂದು ಕಡೆ ಮುಂಗಡ ಎಷ್ಟೆಂದು ಕೇಳಿ ಅವನೇ ಬಂದ ದಾರಿ ಹಿಡಿದ. ಒಂದು ಬೆಳಿಗ್ಗೆ ಹೆಂಡತಿಯ ತುಟಿ ನೀಲಿಗಟ್ಟಿತು. ಅಕ್ಕಪಕ್ಕದವರು ಆಟೋ ಹಿಡಿದು ತಂದರು. ಆಸ್ಪತ್ರೆಯ ಮಂಚದ ಮೇಲೆ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದವಳು, ಅವನನ್ನು ಹತ್ತಿರ ಕರೆದು ಹೇಳಿದಳು. "ರೀ, ಓನರ್ ಕಾಲು ಹಿಡಿದದ್ದು ಸಾಕು. ಬಾಡಿಗೆಯವರ ದೂರು ಕೇಳೋ ಕಚೇರಿಗೆ ಹೋಗಿ. ಬಾಯಿ ಬಿಟ್ಟು ಹೇಳಿ."

ಅವನು ಊರಿನ ಕಚೇರಿಗೆ ಹೋದ. ಬಾಡಿಗೆ ಮನೆಗಳ ದೂರು ಕೇಳುವ ಮೇಜಿನ ಹಿಂದೆ ಒಬ್ಬ ಮೇಡಂ ಕೂತಿದ್ದರು. ಅವನು ಹೇಳಿದ್ದನ್ನೆಲ್ಲ ಕೇಳಿ, "ಇದಕ್ಕೆ ಇಷ್ಟು ದಿನ ಸುಮ್ಮನಿದ್ರಾ?" ಎಂದರು. "ಬಾಡಿಗೆ ತಗೊಂಡ ಮೇಲೆ ಗೋಡೆ, ಸೂರು, ಪೈಪು, ವೈರು, ಚಿಲಕ, ಕುಡಿಯೋ ನೀರು ಎಲ್ಲ ಸರಿ ಇಟ್ಟುಕೊಡೋದು ಓನರ್ ಕೆಲಸ. ಅವರು ನಿಮಗೆ ಮಾಡೋ ಉಪಕಾರ ಅಲ್ಲ ಅದು. ಗುಡಿಸಿ ಒರೆಸಿ ಶುಚಿಯಾಗಿ ಇಟ್ಕೊಳ್ಳೋದಷ್ಟೇ ನಿಮ್ಮದು. ನಾಳೆ ಬೆಳಿಗ್ಗೆ ಓನರನ್ನೂ ಕರೆಸ್ತೀನಿ, ಬಂದು ನೋಡ್ತೀನಿ."

ಪೇಂಟರಣ್ಣನ ಕಣ್ಣು ತುಂಬಿ ಬಂತು. ಓಡುತ್ತ ಆಸ್ಪತ್ರೆಗೆ ಹೋಗಿ ಹೇಳಿದ. ನಾಡಿದ್ದು ಮನೆಗೆ ಕಳಿಸುತ್ತೇವೆ, ಕೋಣೆ ಒಣಗಿರಲಿ ಎಂದು ಡಾಕ್ಟರಮ್ಮ ಹೇಳಿದ್ದಾರೆ ಎಂದಳು ಹೆಂಡತಿ. ಒಂದೇ ದಿನದಲ್ಲಿ ಒಣಗುವ ಗೋಡೆ ಯಾವುದೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾಳೆ ಮೇಡಂ ಬರುತ್ತಾರಲ್ಲ, ಅವರು ಏನಾದರೂ ದಾರಿ ತೋರಿಸುತ್ತಾರೆ ಎಂದು ಇಬ್ಬರೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಮಧ್ಯಾಹ್ನ ಮನೆಗೆ ಬಂದು ಹಿಂದಿನ ಕೋಣೆಯ ಬಾಗಿಲು ತೆಗೆದ. ಹೆಂಡತಿ ಇಲ್ಲದ ಈ ಕೆಲವು ದಿನಗಳಲ್ಲಿ ಅವನು ಬ್ರಷ್ ಮುಟ್ಟಿರಲಿಲ್ಲ. ಗೋಡೆ ಮಂಚದಿಂದ ಸೂರಿನವರೆಗೆ ಕಪ್ಪಿಟ್ಟಿತ್ತು. ಬಣ್ಣ ಹಪ್ಪಳದಂತೆ ಎದ್ದು ಟ್ರಂಕಿನ ಮೇಲೆ ಉದುರಿತ್ತು. ಅವನಿಗೆ ನೋಡೋಣಪ್ಪನ ಮಾತು ನೆನಪಾಯಿತು. ನಾಳೆ ಮೇಡಂ ಮುಂದೆ ಇವರು ಗಲೀಜು ಜನ ಎಂದುಬಿಟ್ಟರೆ? ಶುಚಿ ನಿಮ್ಮ ಕೆಲಸ ಎಂದು ಮೇಡಂ ಕೂಡ ಹೇಳಿದ್ದಾರಲ್ಲ! ಬೂಷ್ಟನ್ನಷ್ಟೇ ಒರೆಸೋಣ ಎಂದು ಬಟ್ಟೆ ಹಿಡಿದ. ಒರೆಸಿದಲ್ಲಿ ಬಣ್ಣ ಕಿತ್ತು ಬಂತು. ಕಿತ್ತಲ್ಲಿ ಗೋಡೆ ಹುಣ್ಣಿನಂತೆ ಕಂಡಿತು. ಇಷ್ಟು ಕೆಟ್ಟದಾಗಿ ಬಿಟ್ಟರೆ ನಾನೇ ಕೆರೆದು ಹಾಳು ಮಾಡಿದೆ ಎನ್ನುತ್ತಾರೆ, ಅಂಚಿಗೆ ಒಂದಿಷ್ಟು ಪುಟ್ಟಿ ಎಳೆಯೋಣ ಎಂದುಕೊಂಡ. ಪುಟ್ಟಿ ಎಳೆದ ಮೇಲೆ ಹಾಗೇ ಬಿಟ್ಟು ಗೊತ್ತಿದ್ದ ಕೈಯಲ್ಲ ಅದು. ಫ್ಯಾನು ಹಚ್ಚಿ ಆರಲು ಬಿಟ್ಟ, ಉಜ್ಜಿದ. ಡಬ್ಬದ ತಳದಲ್ಲಿದ್ದ ಬಿಳಿಗೆ ನೀರು ಬೆರೆಸಿದ. ಹೊತ್ತು ಮುಳುಗುವುದರೊಳಗೆ ಗೋಡೆ ಹೊಸ ಕಾಗದದ ಹಾಗೆ ಬೆಳ್ಳಗಿತ್ತು. ದೂರ ನಿಂತು, ತಲೆ ವಾಲಿಸಿ, ಎಲ್ಲಾದರೂ ಬ್ರಷ್ಷಿನ ಗೆರೆ ಉಳಿದಿದೆಯೇ ಎಂದು ನೋಡಿದ. ಉಳಿದಿರಲಿಲ್ಲ. ಮೇಡಂ ಬರುವುದು ಇದೇ ಗೋಡೆಯ ಒದ್ದೆ ನೋಡಲು ಎಂಬುದು ಆ ಹೊತ್ತಿನಲ್ಲಿ ಅವನ ತಲೆಯಲ್ಲೇ ಇರಲಿಲ್ಲ. ಹೀಗೂ ಒಬ್ಬ ಮನುಷ್ಯ ಇರುತ್ತಾನಾ ಎಂದು ಕೇಳಬೇಡಿ, ಇದ್ದ.

ಬೆಳಿಗ್ಗೆ ಮೇಡಂ ಬಂದರು, ನೋಡೋಣಪ್ಪನೂ ಬಂದರು. ಮೇಡಂ ಹಿಂದಿನ ಕೋಣೆಗೆ ಕಾಲಿಟ್ಟು ನಿಂತುಬಿಟ್ಟರು. ಗೋಡೆಗೆ ಅಂಗೈ ಒತ್ತಿ ನೋಡಿದರು. ಕೈಗೆ ಏನೂ ಅಂಟಲಿಲ್ಲ.

"ಒದ್ದೆ ಎಲ್ಲಿದೆ?"

ನೋಡೋಣಪ್ಪ ಮುಗುಳ್ನಕ್ಕರು. "ನಾನು ಹೇಳಲಿಲ್ವಾ ಮೇಡಂ? ಇಂಥ ಮನೆ ಈ ಬೀದೀಲೇ ಇಲ್ಲ. ಪಾಪ, ಹೆಂಡತಿ ಕಾಯಿಲೆ ಚಿಂತೇಲಿ ತಲೆ ಕೆಟ್ಟಿರಬೇಕು ಇವನಿಗೆ."

"ಒಳಗಿದೆ ಮೇಡಂ, ಒಳಗಿದೆ. ನಿನ್ನೆ ನಾನೇ... ನೀವು ಬರ್ತೀರಲ್ಲ ಅಂತ... ಶುಚಿಯಾಗಿ..."

"ನಾನು ನೋಡೋಕೆ ಬರ್ತೀನಿ ಅಂತ ಹೇಳಿದ ಮೇಲೆ ನೀವೇ ಪೇಂಟ್ ಹೊಡೆದ್ರಾ?" ಮೇಡಂ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಇಲ್ಲದ್ದನ್ನ ಇದೆ ಅಂತ ನಾನು ಹೇಗೆ ಹೇಳಲಿ?" ಎಂದು ಬಾಗಿಲ ಕಡೆ ತಿರುಗಿದರು.

ಪೇಂಟರಣ್ಣ ಮಂಚದ ಕೆಳಗಿನ ಚೀಲದಿಂದ ಕೆರೆಯುವ ಪಟ್ಟಿ ಎಳೆದುಕೊಂಡು ಗೋಡೆಯ ಮೇಲೆ ಬಿದ್ದ. ಬಿಳಿ ಹೋಯಿತು, ಹಸಿರು ಬಂತು. ಹಸಿರು ಹೋಯಿತು, ನೀಲಿ ಬಂತು. ಹಳದಿಯ ಕೆಳಗೆ ಪಟ್ಟಿ ಮೆತ್ತಗೆ ಒಳಗಿಳಿಯಿತು. ಅಡ್ಡ ಎಳೆದಾಗ ಗಾರೆ ಕಲಸಿದ ಹಿಟ್ಟಿನಂತೆ ಮುದ್ದೆಮುದ್ದೆಯಾಗಿ ಮಂಚದ ಮೇಲೆ, ಅವಳ ದಿಂಬಿನ ಮೇಲೆ ಬಿತ್ತು. ಕೋಣೆಯಲ್ಲಿ ಮುಗ್ಗಲು ನಾತ ತುಂಬಿತು. ಇಟ್ಟಿಗೆಯ ಸಂದಿಯಿಂದ ನೀರು ಸಣ್ಣಗೆ ಇಳಿಯತೊಡಗಿತು. ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ನನ್ನ ಗೋಡೆ ಒಡೆದುಹಾಕಿದ!" ಎಂದು ಕೂಗಿದರು ನೋಡೋಣಪ್ಪ.

"ನಿಮ್ಮ ಗೋಡೆ ಅಂತ ನೀವೇ ಒಪ್ಕೊಂಡ್ರಲ್ಲ, ಒಳ್ಳೇದಾಯ್ತು. ನಾಳೆಯಿಂದಲೇ ಪೈಪ್ ಕೆಲಸ ಶುರು ಮಾಡಿಸಿ" ಎಂದರು ಮೇಡಂ. ಹೊರಡುವಾಗ ಪೇಂಟರಣ್ಣನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಇದು ಒಣಗೋಕೆ ತಿಂಗಳುಗಟ್ಟಲೆ ಬೇಕು. ಮೊದಲ ಸಲವೇ ಹೀಗೇ ತೋರಿಸಿದ್ರೆ ಯಾವಾಗ್ಲೋ ಒಣಗಿರ್ತಿತ್ತು."

ಅವನು ಕೈ ಕೂಡ ತೊಳೆಯದೆ ಆಸ್ಪತ್ರೆಗೆ ಹೋದ. ಹೆಂಡತಿ ದಿಂಬಿಗೊರಗಿ ಕಾಯುತ್ತಿದ್ದಳು. "ಬಂದಿದ್ರಾ? ನೋಡಿದ್ರಾ?" ಎಂದು ಕೇಳಹೊರಟವಳ ಕಣ್ಣು ಅವನ ಕೈ ಮೇಲೆ ಬಿತ್ತು. ಉಗುರಿನ ಬುಡದಲ್ಲಿ ಹೊಸ ಬಿಳಿ ಬಣ್ಣ. ಅವಳ ಮುಖ ಇಳಿದುಹೋಯಿತು.

"ಮತ್ತೆ ಬಳಿದ್ರಾ?"

"ಬಳಿದುಬಿಟ್ಟೆ ಕಣೇ. ಹೇಗೆ ಬಳಿದೆ ಅಂತ ನನಗೇ ಗೊತ್ತಿಲ್ಲ. ಆಮೇಲೆ ಅವರ ಮುಂದೇನೇ ಎಲ್ಲಾ ಕೆರೆದು ಹಾಕ್ದೆ. ಪೈಪ್ ಮಾಡಿಸ್ತಾರಂತೆ. ಆದ್ರೆ..."

ಅವಳು ಅವನ ಕೈಯನ್ನು ಎಳೆದುಕೊಂಡು, ಉಗುರಿನ ಬಣ್ಣವನ್ನು ತನ್ನ ಉಗುರಿನಿಂದ ಕೆರೆಯುತ್ತ ಕೂತಳು. ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಎದೆ ಪರೀಕ್ಷಿಸಿ, "ಪರವಾಗಿಲ್ಲ, ನಾಳೆ ಕರ್ಕೊಂಡು ಹೋಗಬಹುದು. ಗೋಡೆ ಸರಿಯಾಯ್ತಾ?" ಎಂದು ಅವನನ್ನೇ ಕೇಳಿದರು.

'ಚೆನ್ನಾಗಿದೆ' ಎಂಬುದು ಆಗಲೇ ಅವನ ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಉಗುರು ಅವನ ಬೆರಳಿಗೆ ಗಟ್ಟಿಯಾಗಿ ಒತ್ತಿತು.

"ಇಲ್ಲ ಡಾಕ್ಟ್ರೆ. ಒದ್ದೆ ಇದೆ. ಇಟ್ಟಿಗೇವರೆಗೂ ಒದ್ದೆ ಇದೆ. ಕೆಡಿಸಿದ್ದು ಅವರು, ಮುಚ್ಚಿಟ್ಟದ್ದು ನಾನು. ಇವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ? ನನ್ನ ಹತ್ರ ಒಣಗಿದ ಜಾಗ ಒಂದೂ ಇಲ್ಲ." ಇಡೀ ವಾರ್ಡು ತಿರುಗಿ ನೋಡುವ ಹಾಗೆ ಪೇಂಟರಣ್ಣ ಗೊಳೋ ಎಂದು ಅತ್ತುಬಿಟ್ಟ.

ಡಾಕ್ಟರಮ್ಮ ನರ್ಸನ್ನು ಕರೆದು, ಈ ಮಂಚವನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ ಎಂದು ಹೇಳಿ ಮುಂದಿನ ಮಂಚದ ಕಡೆ ಹೋದರು. ಹೆಂಡತಿ ಅವನ ಇನ್ನೊಂದು ಕೈಯನ್ನೂ ಎಳೆದುಕೊಂಡು ಬಣ್ಣ ಕೆರೆಯತೊಡಗಿದಳು.